ನೆಲಬಾಗಿಲಿನ ಹುಡುಗಿ

ಜನವರಿ 9

ಅಕ್ಕಾ,

ನಾನು ಸತ್ತು ಇಪ್ಪತ್ತೆರಡು ವರ್ಷವಾಯಿತಂತೆ. ನನಗೆ ಗೊತ್ತಾದದ್ದು ಮೊನ್ನೆ ಸೋಮವಾರ, ಊಟದ ಹೊತ್ತಿಗೆ.

ಇಲ್ಲಿ ರೈಲು ನಿಲ್ದಾಣದಲ್ಲಿ ನನ್ನ ಜೊತೆ ಕೆಲಸ ಮಾಡುವ ಟಿಕೆಟ್ ಕೌಂಟರಿನವಳು ಗಂಡನನ್ನು ಕಟ್ಟಿಕೊಂಡು ನಿನ್ನ ಊರಿಗೆ ರಜೆ ಕಳೆಯಲು ಬಂದಿದ್ದಳು. ವಾಪಸಾದವಳು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಶುರು ಮಾಡಿದಳು. "ಅಲ್ಲೊಂದು ಹಳೇ ನಾಟಕದ ಥಿಯೇಟರ್ ಇದೆ ಕಣೇ. ನೂರಾ ಮೂವತ್ತು ವರ್ಷ ಆಯ್ತಂತೆ, ಇವತ್ತಿಗೂ ವಾರಕ್ಕೆ ನಾಲ್ಕು ನಾಟಕ ನಡೆಯುತ್ತೆ. ಹಗಲು ಹೊತ್ತಲ್ಲಿ ಜನರನ್ನ ಒಳಗೆ ಕರ್ಕೊಂಡು ಹೋಗಿ ದೆವ್ವದ ಕಥೆ ಹೇಳ್ತಾರೆ. ಕನ್ನಡಕ ಹಾಕ್ಕೊಂಡಿರೋ ಒಬ್ಬ ಹೆಂಗಸು. ಏನು ಹೇಳ್ತಾಳೆ ಅಂತೀಯಾ! ನಮ್ಮೆಜಮಾನ್ರು ಹೊರಗೆ ಬರೋವರೆಗೂ ನನ್ನ ಕೈ ಬಿಡ್ಲೇ ಇಲ್ಲ."

ಆಮೇಲೆ ನನ್ನ ಕಥೆಯನ್ನು ನನಗೇ ಹೇಳಿದಳು. ರಾಣಿಯ ಪಾತ್ರ ಮಾಡುತ್ತಿದ್ದ ಹುಡುಗಿಗೆ ಮೂರನೇ ಅಂಕದಲ್ಲಿ ಮಾತು ಮರೆತುಹೋಯಿತು. ರಂಗದ ಮುಂದೆ ನೆಲದೊಳಗಿನ ಗೂಡಿನಲ್ಲಿ ಕೂತು ಸಾಲು ನೆನಪಿಸಬೇಕಾದ ಪ್ರಾಂಪ್ಟರಿನ ಬಲ್ಬು ಅದೇ ಗಳಿಗೆಗೆ ತಾನಾಗಿಯೇ ಆರಿಹೋಯಿತು. ಅದು ಇನ್ನೂ ಹಳೆಯದೊಂದು ದೆವ್ವದ ಕೆಲಸ. ರಂಗದ ಕೆಳಗಿದ್ದ ಕುಡುಕನೊಬ್ಬ ಹೊತ್ತಿಗೆ ಮೊದಲೇ ಅಗುಳಿ ಎಳೆದು ನೆಲಬಾಗಿಲು ತೆರೆದುಬಿಟ್ಟ. ಹುಡುಗಿ ಕೆಳಕ್ಕೆ ಬಿದ್ದು ಅಲ್ಲೇ ಪ್ರಾಣ ಬಿಟ್ಟಳು. ಇವತ್ತಿಗೂ ಬೆಳಗಿನ ಹೊತ್ತು ಖಾಲಿ ಥಿಯೇಟರಿನಲ್ಲಿ ಅವಳು ಮರೆತ ಆ ಒಂದು ಮಾತು ಕೇಳಿಸುತ್ತದೆ. ಅವಳನ್ನು 'ನೆಲಬಾಗಿಲಿನ ಹುಡುಗಿ' ಎನ್ನುತ್ತಾರೆ.

ನಾನು ಊಟ ಮಾಡುತ್ತಲೇ ಕೇಳಿದೆ. ಕೈ ತೊಳೆದು ನನ್ನ ಮೈಕಿನ ಕೋಣೆಗೆ ಹೋಗಿ, ಒಂದೂವರೆಯ ಗಾಡಿ ನಲವತ್ತು ನಿಮಿಷ ತಡ ಎಂದು ಎರಡು ಸಲ ಹೇಳಿದೆ. ಧ್ವನಿ ಒಂದಿಷ್ಟೂ ನಡುಗಲಿಲ್ಲ. ಸತ್ತವಳು ಮಾತಾಡುತ್ತಿದ್ದಾಳೆ ಎಂದು ಪ್ಲಾಟ್‌ಫಾರಂನಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಆರು ವರ್ಷದ ಹಿಂದೆ ಅಮ್ಮ ಹೋದಾಗ ನೀನು ನಾಲ್ಕು ಸಾಲು ಬರೆದಿದ್ದೆ. ಆಗಿನ್ನೂ ನಾನು ಬದುಕಿದ್ದವರ ಪೈಕಿಯೇ ಇದ್ದೆ. ಯಾವಾಗ ಸತ್ತೆ ಎಂದು ನೀನಾದರೂ ತಿಳಿಸಬಾರದಿತ್ತೇ? ಕನ್ನಡಕದ ಆ ಹೆಂಗಸು ನೀನೇ ತಾನೇ?

ಇತಿ,
ದಿವಂಗತ ತಂಗಿ

*

ಜನವರಿ 22

ಚೂಟಿ,

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಅಂಚೆಯವನು ಕೊಟ್ಟುಹೋದಾಗ ಕವರಿನ ಮೇಲಿನ ಅಕ್ಷರ ನೋಡಿಯೇ ಗುರುತು ಹಿಡಿದೆ. ಅದನ್ನು ಹಿಡಿದುಕೊಂಡು ಅಡುಗೆಮನೆಗೂ ಬಾಗಿಲಿಗೂ ಹತ್ತು ಸಲ ಓಡಾಡಿ ಆಮೇಲೆ ಒಡೆದೆ.

ಹೌದು, ಆ ಹೆಂಗಸು ನಾನೇ. ಎಂಟು ವರ್ಷವಾಯಿತು ಪ್ರಾಂಪ್ಟರಿನ ಕೆಲಸ ನಿಂತು. ಈಗಿನ ನಟರ ಕಿವಿಯೊಳಗೆ ಕಾಳಿನಷ್ಟು ಯಂತ್ರವೊಂದು ಕೂತಿರುತ್ತದೆ, ಅದೇ ಎಲ್ಲ ಹೇಳಿಕೊಡುತ್ತದೆ. ನನ್ನನ್ನು ಏನು ಮಾಡುವುದೆಂದು ತಿಳಿಯದೆ ಮ್ಯಾನೇಜರು, "ಅಮ್ಮಾ, ಈ ಕಟ್ಟಡದ ಕಥೆ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ಬಂದೋರಿಗೆ ತೋರಿಸ್ತಾ ಇರಿ" ಎಂದರು. ಬೆಳಿಗ್ಗೆ ಹನ್ನೊಂದಕ್ಕೆ ಒಂದು ಗುಂಪು, ಸಂಜೆ ನಾಲ್ಕಕ್ಕೆ ಒಂದು ಗುಂಪು. ಮೊದಮೊದಲು ಕಟ್ಟಡದ ಇತಿಹಾಸ ಹೇಳುತ್ತಿದ್ದೆ. ಜನ ಆಕಳಿಸುತ್ತಿದ್ದರು. ಒಂದು ದಿನ ಯಾರೋ, "ಇಲ್ಲಿ ದೆವ್ವ ಇಲ್ವಾ?" ಎಂದು ಕೇಳಿದರು. ಇದೆ ಎಂದೆ. ಅಲ್ಲಿಂದ ಶುರುವಾಯಿತು.

ನಮ್ಮ ದೆವ್ವಗಳ ಜಾತಕ ನಿನಗೆ ಗೊತ್ತೇ ಇದೆ. ಮೂರನೇ ಸಾಲಿನಲ್ಲಿ ತಾನಾಗಿ ಮಡಚಿಕೊಳ್ಳುವ ಕುರ್ಚಿಗೆ ಸ್ಪ್ರಿಂಗ್ ಹೋಗಿದೆ. ರಿಪೇರಿ ಮಾಡಿಸಬೇಡಿ ಎಂದು ಮ್ಯಾನೇಜರದೇ ಅಪ್ಪಣೆ. ಪರದೆಯ ಹಗ್ಗ ಎಳೆಯುವ ಅಟ್ಟದಲ್ಲಿ ಓಡಾಡುವುದು ಪಾರಿವಾಳ. ಬಣ್ಣದ ಕೋಣೆಯ ಕನ್ನಡಿಯ ಹಿಂದೆ ನಗುವವಳು ಪಕ್ಕದ ಕಟ್ಟಡದ ನೀರಿನ ಕೊಳವೆ. ಇಷ್ಟನ್ನೇ ಮಸಾಲೆ ಅರೆದು ಹೇಳಿದರೆ ಜನ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ನಿನ್ನ ಕಥೆಯನ್ನು ಯಾರೂ ಕೂತು ಕಟ್ಟಲಿಲ್ಲ ಕಣೇ. ನೀನು ಬಿದ್ದದ್ದು ನಿಜ. ಆರು ತಿಂಗಳು ಹಾಸಿಗೆ ಹಿಡಿದು, ನಡೆಯಲು ಬಂದ ದಿನವೇ ಹೊರಟುಹೋದೆ. ಹಳಬರು ಒಬ್ಬೊಬ್ಬರಾಗಿ ಬಿಟ್ಟರು. ಹೊಸಬರು ನಿನ್ನನ್ನು ಕಂಡವರಲ್ಲ. ಅಷ್ಟು ಎತ್ತರದಿಂದ ಬಿದ್ದವಳು ಉಳಿಯುವುದುಂಟೇ ಎಂದುಕೊಂಡರು. ಗಾಳಿಸುದ್ದಿಗೆ ಕೈಕಾಲು ಬರಲು ಎಷ್ಟು ಹೊತ್ತು? ನಾನು ನಿನ್ನನ್ನು ಸಾಯಿಸಲಿಲ್ಲ. ಸತ್ತಿಲ್ಲ ಎಂದು ಹೇಳಲಿಲ್ಲ, ಅಷ್ಟೇ.

ಸೊಂಟದ ನೋವು ಈಗ ಹೇಗಿದೆ? ಚಳಿಗೆ ಹೆಚ್ಚಾಗುತ್ತದೆಯೇ? ಬರೆ.

ಇಂತು,
ನಿನ್ನ ಅಕ್ಕ

*

ಫೆಬ್ರವರಿ 3

ಅಕ್ಕಾ,

'ಹೇಳಲಿಲ್ಲ, ಅಷ್ಟೇ.' ಎಷ್ಟು ಸಲೀಸಾಗಿ ಬರೆದುಬಿಟ್ಟೆ.

ಸೊಂಟ ಚೆನ್ನಾಗಿದೆ. ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ, ಅದು ಬೆಳೆಯುವ ವಯಸ್ಸಲ್ಲ. ಮೈಕಿನ ಮುಂದೆ ಕೂತವಳು ಕುಂಟಿಯೋ ಅಲ್ಲವೋ ಯಾರಿಗೆ ಬೇಕು.

ನಾನು ಸತ್ತದ್ದು ನನಗೆ ಅಷ್ಟು ಬೇಸರವಿಲ್ಲ. ಸತ್ತ ಮೇಲೆ ಸುಂದರಿಯಾಗಿದ್ದೇನಂತೆ, ಟಿಕೆಟ್ ಕೌಂಟರಿನವಳು ಹೇಳಿದಳು. ಆದರೆ ಪಾತಾಳಣ್ಣನನ್ನು ಕುಡುಕನನ್ನಾಗಿ ಮಾಡಿದವರು ಯಾರು? ಅಗುಳಿ ಹಿಡಿದು ರಂಗದ ಕೆಳಗಿನ ಕತ್ತಲೆಯಲ್ಲಿ ಹದಿನೆಂಟು ವರ್ಷ ಕೂತ ಮನುಷ್ಯ. ಪಾತಾಳದಲ್ಲಿ ಕೂರುತ್ತಾನೆಂದು ಎಲ್ಲರೂ ಪಾತಾಳಣ್ಣ ಎಂದೇ ಕರೆದು ಅವನ ಹೆಸರೇ ಮರೆತೆವು. ಅವನು ಟೀ ಕೂಡ ಕುಡಿಯುತ್ತಿರಲಿಲ್ಲ. ಹೊಟ್ಟೆ ಗುಡುಗಿದರೆ ಮೇಲಿನ ಮಾತು ಕೇಳಿಸದು ಎನ್ನುತ್ತಿದ್ದ.

ವಿಚಾರಣೆಗೆ ಮೂವರು ಕೂತಿದ್ದು ನೆನಪಿದೆಯಲ್ಲ? ರಾಜನ ಪಾತ್ರಧಾರಿ, ಊರಿಗೆಲ್ಲ 'ದೊರೆ', ತನ್ನ ಸಾಲು ಹೇಳಿದ ಮೇಲೆಯೇ ಪಾತಾಳಣ್ಣ ಅಗುಳಿ ಎಳೆಯಬೇಕು. ದೊರೆ ತಾನು ಬಾಯೇ ತೆರೆದಿರಲಿಲ್ಲ ಎಂದ. ಆಟ ನೋಡಲು ಬಂದವರನ್ನು ಯಾರೂ ಕರೆಸಿ ಕೇಳಲಿಲ್ಲ. ಪಾತಾಳಣ್ಣ ಒಬ್ಬನೇ, "ನನಗೆ ಕೇಳಿಸ್ತು, ಕೇಳಿಸ್ಕೊಂಡೇ ಎಳೆದೆ" ಎನ್ನುತ್ತಿದ್ದ. ಯಾರು ಯಾವ ಸಾಲು ಹೇಳಿದರು, ಯಾವುದು ಬಿಟ್ಟರು ಎಂದು ಪುಸ್ತಕ ಹಿಡಿದು ನೋಡುತ್ತಿದ್ದವಳು ಇಡೀ ಥಿಯೇಟರಿನಲ್ಲಿ ನೀನೊಬ್ಬಳೇ. ನೀನು ಬಲ್ಬು ಹೋಯಿತು, ಬಗ್ಗಿ ಅದನ್ನು ತಿರುಗಿಸುತ್ತಿದ್ದೆ, ಏನೂ ಕಾಣಲಿಲ್ಲ, ಕೇಳಿಸಲಿಲ್ಲ ಎಂದೆ. ಅವನನ್ನು ಆವತ್ತೇ ಮನೆಗೆ ಕಳಿಸಿದರು.

ಆಸ್ಪತ್ರೆಯಲ್ಲಿ ನೀನು ಬಲ್ಬಿನ ಮಾತು ತೆಗೆದಷ್ಟು ಸಲ ನರ್ಸು ನನ್ನ ಜ್ವರ ನೋಡಿರಲಿಲ್ಲ. ಆಗ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಅಕ್ಕಾ, ಬಲ್ಬು ಹೋಗಿತ್ತೇ?

ನಿನ್ನ ತಂಗಿ

*

ಮಾರ್ಚ್ 8

ಚೂಟಿ,

ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಇಲ್ಲಿ ಕೆಲಸದ ಮೇಲೆ ಕೆಲಸ. ಮುಂಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದಾರೆ, ಬಾಲ್ಕನಿಯ ಕಂಬಕ್ಕೆ ಗೆದ್ದಲು, ಹೊಸ ನಾಟಕಕ್ಕೆ ತಾಲೀಮು. ಹೊಸ ರಾಣಿ ನಿನ್ನಷ್ಟೇ ಎತ್ತರದ ಹುಡುಗಿ, ಹೆಜ್ಜೆ ಮಾತ್ರ ಆನೆಯದು.

ಇನ್ನೊಂದು ಸಂಗತಿ. ಮ್ಯಾನೇಜರು ಮೊಗಸಾಲೆಯಲ್ಲಿ ದೊಡ್ಡದೊಂದು ಫಲಕ ಹಾಕಿಸುತ್ತಿದ್ದಾರೆ, ನಿನ್ನ ಚಿತ್ರ, ಕೆಳಗೆ ನಿನ್ನ ಕಥೆ. ಹೋದ ವಾರ ನನ್ನನ್ನು ಕರೆದು ಕಾಗದ ಪೆನ್ನು ಹಿಡಿದು ಕೇಳಿದರು, "ಅಮ್ಮಾ, ಹುಟ್ಟಿದ ವರ್ಷ ಸಿಕ್ತು. ತೀರ್ಕೊಂಡಿದ್ದು ಬಿದ್ದ ದಿನಾನೇ ತಾನೇ? ಕುಡುಕನ ಹೆಸರು ಏನು, ಅದನ್ನೂ ಹಾಕ್ಸೋಣ."

ಆ ಹುಡುಗಿ ಬದುಕಿದ್ದಾಳೆ, ನನ್ನ ತಂಗಿ ಎಂದೆ. ಅವರು ಪೆನ್ನು ಕೆಳಗಿಟ್ಟು, "ಬದುಕಿರೋರನ್ನ ನೋಡೋಕೆ ಯಾರಮ್ಮಾ ಬರ್ತಾರೆ? ಬದುಕಿರೋರು ಬೀದಿ ತುಂಬಾ ಇದ್ದಾರೆ" ಎಂದರು. ಕೆಟ್ಟವರಲ್ಲ, ಅವರಿಗೆ ಥಿಯೇಟರು ತುಂಬಬೇಕು. ಯೋಚನೆ ಮಾಡಿ ಹೇಳಿ ಎಂದು ಕಳಿಸಿದರು.

ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮನೆಯಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತೇನೆ. ಜನರಿಗೆ ಕಥೆ ಹೇಳುತ್ತಾ ನಡುವೆ ನಿಲ್ಲಿಸಿಬಿಡುತ್ತೇನೆ, ಅವರು ಅದೂ ನಾಟಕದ ಭಾಗ ಎಂದುಕೊಂಡು ಇನ್ನಷ್ಟು ಹೆದರುತ್ತಾರೆ. ಮೊನ್ನೆ ನಾಲ್ಕರ ಗುಂಪಿನಲ್ಲಿ ಕುಂಟುತ್ತಾ ಬಂದ ಒಬ್ಬ ಹೆಂಗಸನ್ನು ಕಂಡು ಕಥೆ ಬಿಟ್ಟು ಅವಳ ಹತ್ತಿರ ಹೋದೆ. ಅವಳು ನೀನಲ್ಲ. ಅವಳ ಚಪ್ಪಲಿ ಕಚ್ಚುತ್ತಿತ್ತಂತೆ.

ನೀನು ಕೇಳಿದ್ದಕ್ಕೆ: ಆ ಕಟ್ಟಡದ ವೈರು ನಿನಗೇ ಗೊತ್ತಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಷ್ಟು ವರ್ಷದ ಹಿಂದಿನದು. ನೀನೂ ಕೂಡ ವಿಚಾರಣೆಯವರಿಗೆ 'ನನಗೇನೂ ನೆನಪಿಲ್ಲ' ಎಂದೇ ಹೇಳಿದ್ದೆಯಲ್ಲ. ಈಗ ಅದನ್ನೆಲ್ಲ ಕೆದಕಿ ಯಾರಿಗೆ ಏನು ಸಿಗುತ್ತದೆ?

ಮೈ ಬೆಚ್ಚಗಿಟ್ಟುಕೋ.

ನಿನ್ನ ಅಕ್ಕ

*

ಮಾರ್ಚ್ 15

ಅಕ್ಕಾ,

ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಬಲ್ಬು ಉರಿಯುತ್ತಿತ್ತೋ ಇಲ್ಲವೋ, ಅಷ್ಟು ಬರೆ. ಅದು ಬರೆಯಲಾಗದಿದ್ದರೆ ಫಲಕಕ್ಕೆ ಯಾವ ವರ್ಷ ಬೇಕಾದರೂ ಕೊಡು, ನನಗೆ ಮಾತ್ರ ಇನ್ನು ಬರೆಯಬೇಡ.

ತಂಗಿ

*

ಏಪ್ರಿಲ್ 11

ಚೂಟಿ,

ಉರಿಯುತ್ತಿತ್ತು.

ಇದನ್ನು ಬರೆಯಲು ನಾಲ್ಕು ವಾರ ಬೇಕಾಯಿತು. ಇನ್ನು ಉಳಿದದ್ದನ್ನು ನಿಲ್ಲಿಸದೆ ಬರೆಯುತ್ತೇನೆ, ನಿಲ್ಲಿಸಿದರೆ ಮತ್ತೆ ಶುರು ಮಾಡುವ ಧೈರ್ಯ ನನಗಿಲ್ಲ.

ಆ ದಿನ ಮಧ್ಯಾಹ್ನ ರಾಣಿಯ ಸೊಂಟಪಟ್ಟಿ ಹುಡುಕುತ್ತಾ ನಿನ್ನ ಪೆಟ್ಟಿಗೆ ತೆಗೆದೆ. ಊರೂರು ತಿರುಗುವ ಆ ದೊಡ್ಡ ನಾಟಕ ಕಂಪನಿಯ ಕಾಗದ ಸಿಕ್ಕಿತು. ನಿನ್ನನ್ನು ಆರಿಸಿಕೊಂಡಿದ್ದರು, ಮುಂದಿನ ತಿಂಗಳೇ ಹೊರಡಬೇಕಿತ್ತು. ಕಾಗದ ಐದು ವಾರ ಹಳೆಯದು. ಐದು ವಾರ ನನ್ನ ಪಕ್ಕದಲ್ಲೇ ಮಲಗಿದ್ದೆ, ನನ್ನ ತಟ್ಟೆಯಿಂದಲೇ ಕಿತ್ತುಕೊಂಡು ತಿಂದಿದ್ದೆ, ಒಂದು ಮಾತು ಹೇಳಿರಲಿಲ್ಲ. ಹೇಳಿದ್ದರೆ ನಾನೇ ನಿನ್ನ ಪೆಟ್ಟಿಗೆ ಕಟ್ಟಿಕೊಡುತ್ತಿದ್ದೆ ಎಂದು ಇಷ್ಟು ದಿನ ನಂಬಿದ್ದೆ. ಈಗ ಅದೂ ಅನುಮಾನ.

ನನಗೆ ರಂಗದ ಮೇಲೆ ನಿಲ್ಲಲಾಗುತ್ತಿರಲಿಲ್ಲ. ಜನರ ಮುಖ ಕಂಡರೆ ಗಂಟಲು ಕಟ್ಟುತ್ತಿತ್ತು. ಅದಕ್ಕೇ ನಿನ್ನ ಒಂದೊಂದು ಪಾತ್ರವನ್ನೂ ನಿನಗಿಂತ ಮೊದಲು ಬಾಯಿಪಾಠ ಮಾಡುತ್ತಿದ್ದೆ. ಗೂಡಿನಲ್ಲಿ ಕೂತು ನಿನ್ನ ಜೊತೆಗೇ ತುಟಿ ಆಡಿಸುತ್ತಿದ್ದೆ. ಚಪ್ಪಾಳೆ ಬಿದ್ದಾಗ ಅದರಲ್ಲಿ ಅರ್ಧ ನನ್ನದು ಎಂದುಕೊಳ್ಳುತ್ತಿದ್ದೆ. ಆ ಅರ್ಧವನ್ನೂ ಕಿತ್ತುಕೊಂಡು ನೀನು ಹೊರಟಿದ್ದೆ.

ನಮ್ಮಿಬ್ಬರ ನಡುವೆ ಒಂದು ಕಟ್ಟಳೆ ಇತ್ತು. ನೀನು ಉಂಗುರ ತಿರುಗಿಸಿದರೆ ಮಾತ್ರ ನಾನು ಸಾಲು ಕೊಡಬೇಕು, ಇಲ್ಲದಿದ್ದರೆ ನೀನು ಬೇಕೆಂದೇ ತಡೆದಿದ್ದೀಯ ಎಂದು ತಿಳಿದು ಸುಮ್ಮನಿರಬೇಕು. ಮೂರನೇ ಅಂಕದಲ್ಲಿ ನೀನು ನೆಲಬಾಗಿಲಿನ ಮೇಲೆ ನಿಂತಿದ್ದೆ. ಉಂಗುರ ತಿರುಗಿಸಿದೆ. ನಾನು ಕಂಡೆ. ಪುಸ್ತಕದಲ್ಲಿ ನನ್ನ ಬೆರಳು ಆ ಸಾಲಿನ ಕೆಳಗೇ ಇತ್ತು: 'ನಾನು ಹೆಜ್ಜೆ ತೆಗೆಯುವುದು ನನ್ನ ಇಚ್ಛೆಯಿಂದ, ನಿಮ್ಮ ಅಪ್ಪಣೆಯಿಂದಲ್ಲ.'

ಐದು ಎಣಿಸುವವರೆಗೆ ಇರಲಿ ಎಂದುಕೊಂಡೆ. ನಾನಿಲ್ಲದಿದ್ದರೆ ಹೇಗಿರುತ್ತದೆ, ಒಂದು ಸಲ ಗೊತ್ತಾಗಲಿ. ಇಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಮೂರು ಎಣಿಸಿದ್ದೆ. ಅಷ್ಟರಲ್ಲಿ ದೊರೆ ನಾಟಕ ಉಳಿಸಲು ನಿನ್ನ ಸಾಲನ್ನು ಹಾರಿ ತನ್ನದಕ್ಕೆ ಬಂದುಬಿಟ್ಟ: 'ಹಾಗಾದರೆ ಭೂಮಿಯೇ ಬಾಯಿ ತೆರೆದು ತೀರ್ಪು ಹೇಳಲಿ!' ಪಾತಾಳಣ್ಣನಿಗೆ ಅದೇ ಸೂಚನೆ. ನಿನ್ನ ಮಾತಿನ ಜೊತೆಗೆ ನೀನು ಮೂರು ಹೆಜ್ಜೆ ಪಕ್ಕಕ್ಕೆ ಸರಿಯಬೇಕಿತ್ತು. ಮಾತು ಬರಲಿಲ್ಲ, ಹೆಜ್ಜೆಯೂ ಬರಲಿಲ್ಲ. ಕೆಳಗಿನಿಂದ ಅವನಿಗೆ ಏನು ಕಾಣಬೇಕು? ಕೇಳಿಸಿದ್ದಕ್ಕೆ ಅಗುಳಿ ಎಳೆದ. ಅವನ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಜನ ನಿನ್ನ ಕಡೆ ಓಡಿದಾಗ ನಾನು ಬಲ್ಬನ್ನು ಸಡಿಲ ಮಾಡಿದೆ. ಬೆರಳು ಸುಟ್ಟಿತು. ಬಲ್ಬಿನ ದೆವ್ವ ಹುಟ್ಟಿದ್ದು ಹಾಗೆ.

ಇನ್ನೊಂದು ದೆವ್ವವೂ ನಾನೇ. ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಬಾಗಿಲು ತೆರೆಯುವ ಮುಂಚೆ, ಆ ಗೂಡಿಗೆ ಇಳಿದು ಆ ಸಾಲನ್ನು ಹೇಳುತ್ತೇನೆ. ಒಂದೇ ಸಲ. ಕಸ ಗುಡಿಸುವವಳು ಒಂದು ದಿನ ಕೇಳಿಸಿಕೊಂಡು ಪೊರಕೆ ಬಿಸಾಡಿ ಓಡಿದಳು. ನಾನು ಅವಳಿಗೆ ನೀರು ಕುಡಿಸಿ ಸಮಾಧಾನ ಮಾಡಿದೆ, ನಿಜ ಹೇಳಲಿಲ್ಲ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ಅಕ್ಕ

*

ಏಪ್ರಿಲ್ 19

ಅಕ್ಕಾ,

ನನಗೆ ಗೊತ್ತಿತ್ತು. ಬೀಳುವ ಮುಂಚೆ ನಿನ್ನ ಮುಖ ನೋಡಿದೆ. ಬಲ್ಬಿನ ಬೆಳಕಿನಲ್ಲಿ ನಿನ್ನ ಕನ್ನಡಕ ಹೊಳೆಯುತ್ತಿತ್ತು, ತುಟಿ ಬಿಗಿದಿತ್ತು. ಆರು ತಿಂಗಳು ಹಾಸಿಗೆಯಲ್ಲಿ ಬಿದ್ದುಕೊಂಡು ದಿನಾ ಬೆಳಿಗ್ಗೆ ಕಾದೆ, ಇವತ್ತು ಹೇಳುತ್ತಾಳೆ, ಇವತ್ತು ಹೇಳುತ್ತಾಳೆ ಎಂದು. ನೀನು ನನ್ನ ತಲೆ ಬಾಚಿದೆ, ಗಂಜಿ ಕುಡಿಸಿದೆ, ಬಲ್ಬನ್ನು ಬೈದೆ. ನಡೆಯಲು ಬಂದ ದಿನ ಹೊರಟೆ.

ನನಗೆ ಹೇಳಿದ್ದಾಯಿತು. ನನಗೆ ಹೇಳುವುದು ಸುಲಭ, ನಾನು ನಿನ್ನ ತಂಗಿ. ಹೋಗಿ ಪಾತಾಳಣ್ಣನಿಗೆ ಹೇಳು. ಬದುಕಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ, ನೀನು ಹುಡುಕು. ಕಾಗದ ಕಳಿಸಿ ಕೈ ತೊಳೆದುಕೊಳ್ಳಬೇಡ, ಎದುರಿಗೆ ನಿಂತು ಹೇಳು.

ತಂಗಿ

*

ಮೇ 28

ಚೂಟಿ,

ಬದುಕಿದ್ದಾನೆ. ಊರಾಚೆ ಮರ ಕೊಯ್ಯುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾನೆ. ಇದೇ ಊರಿನಲ್ಲಿ ಇಷ್ಟು ವರ್ಷ ನಾನು ಆ ರಸ್ತೆಗೆ ಕಾಲಿಟ್ಟಿರಲಿಲ್ಲ. ಹೋದ ತಿಂಗಳು ಎರಡು ಸಲ ಗೇಟಿನವರೆಗೆ ಹೋಗಿ ವಾಪಸು ಬಂದೆ. ಮೂರನೇ ಸಲ ಗೇಟಿನವನೇ, "ಏನಮ್ಮಾ, ಒಳಗೆ ಬರ್ತೀರೋ ಇಲ್ಲ ದಿನಾ ಗೇಟ್ ನೋಡ್ಕೊಂಡೇ ಹೋಗ್ತೀರೋ?" ಎಂದ. ನಾಚಿಕೆಗೆ ಒಳಗೆ ಹೋದೆ.

ಹಲಗೆಗಳ ರಾಶಿಯ ಪಕ್ಕ ಕೂತು ಗರಗಸದ ಹಲ್ಲಿಗೆ ಅರ ಹಾಕುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ, ಬೆನ್ನು ಮಾತ್ರ ನೆಟ್ಟಗೆ. ನನ್ನನ್ನು ಗುರುತು ಹಿಡಿದ. ಏಳಲಿಲ್ಲ. ನಾನು ಪಕ್ಕದಲ್ಲಿ ಕೂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಮೆಲ್ಲಗೆ ಹೇಳಿದೆ. ಎಲ್ಲ ಕೇಳಿಸಿಕೊಂಡವನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದು, ಕೊನೆಗೆ ಕಿವಿಯ ಹತ್ತಿರ ಕೈ ಆಡಿಸಿದ. "ಕೇಳಿಸಲ್ಲಮ್ಮಾ. ಈ ಮಿಷನ್ ಪಕ್ಕ ಕೂತು ಕೂತು ಎರಡೂ ಹೋಯ್ತು. ಜೋರಾಗಿ ಹೇಳಿ."

ಮೂವತ್ತು ವರ್ಷ ಪಿಸುಗುಟ್ಟಿಯೇ ಬದುಕಿದವಳು ನಾನು. ಗುಂಪಿಗೆ ದೆವ್ವದ ಕಥೆ ಹೇಳುವುದೂ ಪಿಸುದನಿಯಲ್ಲೇ. ಕೂಗಿದೆ. ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಅಷ್ಟರಲ್ಲಿ ಊಟದ ಗಂಟೆಯಾಗಿ ಗರಗಸಗಳು ಒಮ್ಮೆಲೇ ನಿಂತವು. ಇಡೀ ಅಂಗಳದಲ್ಲಿ ನನ್ನ ಧ್ವನಿಯೊಂದೇ: "ಬಲ್ಬು ಉರೀತಿತ್ತು! ನಾನು ಸುಳ್ಳು ಹೇಳ್ದೆ! ದೊರೆ ಆ ಮಾತು ಹೇಳಿದ್ರು, ನಾನು ಕೇಳಿಸ್ಕೊಂಡೆ!"

ಮೂವತ್ತು ಮಂದಿ ಡಬ್ಬಿ ಹಿಡಿದು ನಿಂತಲ್ಲೇ ನಿಂತರು. ಅವನಿಗೆ ಅರ್ಧ ಮಾತ್ರ ಕೇಳಿಸಿತ್ತು. ನನ್ನ ಕೈ ಹಿಡಿದು, "ಇನ್ನೊಂದ್ಸಲ" ಎಂದ. ಇನ್ನೊಮ್ಮೆ ಕೂಗಿದೆ. ಆಮೇಲೆ ಇನ್ನೊಮ್ಮೆ.

"ದೊರೆ ಹೇಳಿದ್ರಾ?"

"ಹೇಳಿದ್ರು!"

"ಭೂಮಿಯೇ ಬಾಯಿ ತೆರೆದು ಅಂತ?"

"ಹೌದು! ಪೂರ್ತಿ ಹೇಳಿದ್ರು!"

ಅವನು ಅರ ಕೆಳಗಿಟ್ಟ. "ಹಾಗಾದ್ರೆ ಆವತ್ತು ನನ್ನ ಕಿವಿ ಸರಿಯಾಗೇ ಇತ್ತು" ಎಂದ. ಅಂಗಿಗೆ ಕೈ ಒರೆಸಿಕೊಂಡು ಮತ್ತೆ ಹೇಳಿದ, "ಆಮೇಲೆ ನಾನು ಯಾರ ಮಾತೂ ನಂಬ್ಲಿಲ್ಲಮ್ಮಾ. ಹೆಂಡ್ತಿ ಬಾಗ್ಲು ತೆಗೀರಿ ಅಂದ್ರೂ, ನಿಜವಾಗ್ಲೂ ಹಾಗಂದ್ಯಾ ಅಂತ ಎರಡು ಸಲ ಕೇಳ್ತಿದ್ದೆ. ಕೇಳಿ ಕೇಳಿ ಅವಳಿಗೂ ಸಾಕಾಯ್ತು. ಕಿವಿ ಹೋದ ದಿನ ಪೀಡೆ ತೊಲಗ್ತು ಅಂದ್ಕೊಂಡೆ."

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಖವಾಗಿರುತ್ತಿತ್ತು. ಎದ್ದು ಹೋಗಿ ಒಬ್ಬೊಬ್ಬ ಕೆಲಸಗಾರನ ಮುಂದೆಯೂ ನಿಂತು, "ಕೇಳಿದ್ಯಾ? ದೊರೆ ಹೇಳಿದ್ರಂತೆ" ಎನ್ನುತ್ತಿದ್ದ. ಅವರಿಗೆ ತಲೆಯೂ ತಿಳಿಯದು ಬುಡವೂ ತಿಳಿಯದು, ಎಲ್ಲರೂ ಹೌದು ಹೌದು ಎಂದರು.

ಮ್ಯಾನೇಜರಿಗೂ ಎಲ್ಲ ಹೇಳಿದೆ. ಫಲಕ ನಿಂತಿತು. ಹನ್ನೊಂದರ ಗುಂಪಿಗೆ ಈಗ ನಡೆದದ್ದನ್ನೇ ಹೇಳುತ್ತೇನೆ. ಕೆಲವರು ಇದಕ್ಕಿಂತ ದೆವ್ವವೇ ವಾಸಿ ಎಂಬ ಮುಖ ಮಾಡಿಕೊಂಡು ಹೋಗುತ್ತಾರೆ.

ಇನ್ನೊಂದಿದೆ. ಗೇಟಿನವರೆಗೆ ಬಂದು ಕಳಿಸುವಾಗ ಅವನು ಕೇಳಿದ, "ಆ ಹುಡುಗಿ ದೊರೆ ಪಕ್ಕದಲ್ಲೇ ನಿಂತಿತ್ತಲ್ಲ. ಅದಕ್ಕೂ ಕೇಳಿಸಿರ್ಬೇಕಲ್ವಾ?" ಅವಳಿಗೆ ಏನೂ ನೆನಪಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ನಿನ್ನ ಏಪ್ರಿಲ್ ಕಾಗದ ನೆನಪಾಯಿತು. ನಿನಗೆ ನನ್ನ ಮುಖ ಕಂಡಿದೆ, ಕನ್ನಡಕ ಕಂಡಿದೆ, ಬಿಗಿದ ತುಟಿ ಕಂಡಿದೆ. ಕೇಳಿ ತಿಳಿಸುತ್ತೇನೆ ಎಂದು ಕೂಗಿ ಬಂದೆ.

ಜೀವಮಾನವಿಡೀ ನಿನಗೆ ಸಾಲು ಹೇಳಿಕೊಟ್ಟೆ. ಈ ಸಲ ಹೇಳಿಕೊಡುವುದಿಲ್ಲ.

ನಿನ್ನ ಅಕ್ಕ

*

ಜೂನ್ 14

ಅಕ್ಕಾ,

ಕೇಳಿಸಿತ್ತು.

'ಭೂಮಿಯೇ' ಎಂಬ ಮಾತು ದೊರೆಯ ಬಾಯಿಂದ ಬಂದಾಗಲೇ ಕಾಲ ಕೆಳಗಿನ ಬಾಗಿಲು ತೆರೆಯುತ್ತದೆ ಎಂದು ಗೊತ್ತಾಯಿತು. ಸರಿಯಲು ಒಂದು ಗಳಿಗೆ ಇತ್ತು. ಆ ಗಳಿಗೆಯನ್ನು ನಿನ್ನ ಮುಖ ನೋಡುತ್ತಾ ಕಳೆದೆ.

ವಿಚಾರಣೆಯ ಮೂವರು ನನ್ನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಾಗ ನೀನು ಕಿಟಕಿಯ ಹತ್ತಿರ ನಿಂತಿದ್ದೆ. "ದೊರೆ ಮಾತಾಡಿದ್ರಾ ಇಲ್ವಾ, ಅಷ್ಟು ಹೇಳಮ್ಮಾ ಸಾಕು" ಎಂದು ಅವರು ಕೇಳಿದರು. ಹೌದು ಎನ್ನುವ ಒಂದೇ ಮಾತಿಗೆ ಅವನು ಉಳಿಯುತ್ತಿದ್ದ. ಹೌದು ಎಂದರೆ, ನಿನ್ನ ಸಾಲು ಎಲ್ಲಿ ಹೋಯಿತು, ಪ್ರಾಂಪ್ಟರು ಏನು ಮಾಡುತ್ತಿದ್ದಳು ಎಂಬ ಪ್ರಶ್ನೆ ಬರುತ್ತಿತ್ತು. ಅದನ್ನು ನೀನೇ ಹೇಳಬೇಕೆಂದು ನನ್ನ ಹಟ. ಏನೂ ನೆನಪಿಲ್ಲ ಎಂದೆ.

ಅಕ್ಕನನ್ನು ಉಳಿಸಲು ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೀನು ಒಳಗೊಳಗೇ ಬೇಯಲಿ ಎಂದು ಹೇಳಿದ್ದು. ಬೆಂದವನು ಅವನು. ನಿನ್ನ ತಪ್ಪು ಮೂರು ಎಣಿಸುವಷ್ಟು ಹೊತ್ತಿನದು, ನಾನು ಮಾತ್ರ ಇಪ್ಪತ್ತೆರಡು ವರ್ಷ ಅದನ್ನು ಹಿಡಿದುಕೊಂಡು ನೀತಿವಂತಳ ಹಾಗೆ ಕೂತಿದ್ದೆ. ಹೋಗಿ ಅವನಿಗೆ ಹೇಳು ಎಂದು ನಿನಗೆ ಬರೆದಾಗಲೂ ನನ್ನ ಪಾಲಿನ ನೆನಪು ನನಗೆ ಬರಲಿಲ್ಲ ಎಂದರೆ ನಂಬುತ್ತೀಯಾ? ಬಂದಿತ್ತು. ಬದಿಗೆ ಸರಿಸಿ ಬರೆದೆ.

ಎರಡು ವಾರದಿಂದ ಕೋಣೆಯಲ್ಲಿ ಕುಂಟುತ್ತಾ ತಿರುಗುತ್ತಿದ್ದೇನೆ. ಮೊನ್ನೆ ಬೇರೆ ಗಾಡಿಯ ಹೊತ್ತನ್ನು ಮೈಕಿನಲ್ಲಿ ಹೇಳಿಬಿಟ್ಟೆ, ಇಷ್ಟು ವರ್ಷದಲ್ಲಿ ಮೊದಲ ಸಲ. ಜನ ಗೊಣಗುತ್ತಾ ಸೇತುವೆ ದಾಟಿ ಹೋಗಿ ಮತ್ತೆ ವಾಪಸು ಬಂದರು.

ಗುರುವಾರ ಹನ್ನೊಂದೂಕಾಲಕ್ಕೆ ಬರುತ್ತೇನೆ. ರಜೆ ಬರೆದುಕೊಟ್ಟಾಗಿದೆ. ಮನೆಗೆ ಆಮೇಲೆ ಹೋಗೋಣ, ಮೊದಲು ಆ ಕಾರ್ಖಾನೆಗೆ. ಅವನ ಮುಂದೆ ನಿಂತಾಗ ನನ್ನ ಬಾಯಿ ಕಟ್ಟಿಹೋಗುತ್ತದೆ, ಅದು ನನಗೆ ಈಗಲೇ ಗೊತ್ತು. ನೀನು ನನ್ನ ಪಕ್ಕದಲ್ಲಿರು. ಎಷ್ಟು ಹೊತ್ತಾದರೂ ಆಗಲಿ, ನನ್ನ ಪರವಾಗಿ ಮಾತಾಡಬೇಡ.

ನಿನ್ನ,
ಚೂಟಿ